ಬಾಡಿಗೆ ಸೊನ್ನೆ, ಹರಟೆ ಕಡ್ಡಾಯ

ಕಾಲೇಜು ಓದ್ತಿದ್ದೀರಿ. ರೂಮು ಹುಡುಕಿ ಹುಡುಕಿ ಚಪ್ಪಲಿ ಸವೆದಿದೆ. ಆಗ ಯಾರೋ ಬಂದು, ಬಾಡಿಗೆ ಬೇಡ, ಅಡ್ವಾನ್ಸೂ ಬೇಡ ಅಂದ್ರೆ? ಒಂದೇ ವಿಷಯ, ಪಕ್ಕದ ರೂಮಿನವರಿಗೆ ತೊಂಬತ್ತು ವರ್ಷ!

ಇದು ನೆದರ್‌ಲ್ಯಾಂಡ್ಸ್‌ನ ಡೆವೆಂಟರ್ ಊರಿನ ಹ್ಯುಮಾನಿಟಾಸ್ ವೃದ್ಧಾಶ್ರಮ. 2012ರ ಹೊತ್ತಿಗೆ ಅಲ್ಲಿನ ಸರ್ಕಾರ ಹಿರಿಯರ ಆರೈಕೆಯ ಹಣಕ್ಕೆ ಕತ್ತರಿ ಹಾಕ್ತು. ಆಗ ಹೆಚ್ಚು ಖರ್ಚಿಲ್ಲದೆ ಹಿರಿಯರಿಗೆ ಜೊತೆ ಸಿಗಲಿ ಅಂತ ಮುಖ್ಯಸ್ಥೆ ಖೇಯಾ ಸೈಪ್ಕೆಸ್ ಖಾಲಿ ರೂಮುಗಳನ್ನ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟರು. ಸುಮಾರು 160 ಹಿರಿಯರ ನಡುವೆ ಆರು ಜನ ಹುಡುಗ ಹುಡುಗಿಯರು. ಬಾಡಿಗೆ ಬದಲು ತಿಂಗಳಿಗೆ 30 ಗಂಟೆ ಒಳ್ಳೆ ನೆರೆಹೊರೆಯವರಾಗಿರಬೇಕು, ಅಷ್ಟೇ.

ಸ್ನಾನ ಮಾಡಿಸೋದು, ಮಾತ್ರೆ ಕೊಡೋದು ಇವರ ಕೆಲಸ ಅಲ್ಲ. ಅದಕ್ಕೆ ಸಿಬ್ಬಂದಿ ಇದ್ದಾರೆ. ಇವರು ರಾತ್ರಿ ಊಟ ಬಡಿಸ್ತಾರೆ, ಈಮೇಲ್ ಕಳಿಸೋದು ಹೇಳಿಕೊಡ್ತಾರೆ, ಜೊತೆಗೆ ಕೂತು ಟಿವಿಯಲ್ಲಿ ಮ್ಯಾಚ್ ನೋಡ್ತಾರೆ.

ವೃದ್ಧಾಶ್ರಮದ ಮಾತು ನಿಮಗೆ ಗೊತ್ತಲ್ಲ? ಮಂಡಿನೋವು, ಬಿಪಿ, ಮೊನ್ನೆ ಯಾರು ಹೋಗಿಬಿಟ್ರು. ಈ ಹುಡುಗರು ಬಂದ ಮೇಲೆ ಊಟದ ಟೇಬಲ್ಲಿಗೆ ಹೊಸ ಸುದ್ದಿ ಬಂತು: ಯಾರ ಪರೀಕ್ಷೆ ಏನಾಯ್ತು, ಯಾರ ಗರ್ಲ್‌ಫ್ರೆಂಡ್ ಬಂದಿದ್ಲು, ಯಾರು ಎಷ್ಟು ಹೊತ್ತಿಗೆ ಮನೆ ಸೇರಿದ್ರು. ನನ್ನ ಕೇಳಿದ್ರೆ, ಇಡೀ ಯೋಜನೆಯಲ್ಲಿ ಕೆಲಸ ಮಾಡಿದ ಔಷಧಿ ಈ ಗಾಸಿಪ್ಪೇ.

ಹಾಗಾದ್ರೆ ರೂಮಲ್ಲಿ ಪಾರ್ಟಿ? ಮಾಡಬಹುದು. ಹಿರಿಯರಿಗೆ ಕಿರಿಕಿರಿ ಆಗಬಾರದು ಅನ್ನೋದಷ್ಟೇ ನಿಯಮ. ಅದರಲ್ಲೂ ಒಂದು ಅನುಕೂಲ ಇದೆ. ಆ ವಯಸ್ಸಿಗೆ ಕಿವಿ ಸ್ವಲ್ಪ ಮಂದ!