ಕರಗಿದ ಕಬ್ಬಿಣವೂ ಕುಲುಮೆಯ ಗೋಡೆಯೂ

ಹುಣಿಸೆಹುಳಿಯ ಸಾರನ್ನು ಕಲಾಯಿಯಿಲ್ಲದ ತಾಮ್ರದ ಪಾತ್ರೆಯಲ್ಲಿರಿಸಕೂಡದೆಂಬುದನ್ನು ನಮ್ಮ ಗೃಹಿಣಿಯರು ಬಲ್ಲರು. ಹುಳಿಯು ಲೋಹವನ್ನು ತಿನ್ನುವುದು, ಸಾರು ಕೆಡುವುದು. ಪಾತ್ರೆಯು ತನ್ನೊಳಗಿನ ಪದಾರ್ಥಕ್ಕೆ ಬರಿಯ ಆಶ್ರಯವಲ್ಲ, ಅದರೊಡನೆ ವ್ಯವಹರಿಸತಕ್ಕ ಇನ್ನೊಂದು ಪದಾರ್ಥ. ಅಡಿಗೆಮನೆಯ ಈ ತತ್ತ್ವವೇ ಉಕ್ಕಿನ ಕೈಗಾರಿಕೆಯ ಒಂದು ದೊಡ್ಡ ತೊಡಕನ್ನೂ ಬಿಡಿಸಿತು.

1856ರಲ್ಲಿ ಇಂಗ್ಲೆಂಡಿನ ಹೆನ್ರಿ ಬೆಸೆಮರನು, ಕರಗಿದ ಬೀಡುಕಬ್ಬಿಣದೊಳಕ್ಕೆ ಗಾಳಿಯನ್ನೂದಿ ಅದರ ಇಂಗಾಲವನ್ನು ಸುಟ್ಟು, ಅಗ್ಗವಾಗಿ ಉಕ್ಕನ್ನು ಮಾಡುವ ಕ್ರಮವನ್ನು ಪ್ರಕಟಿಸಿದನು. ಆದರೆ ಅದಿರಿನಲ್ಲಿ ರಂಜಕವಿದ್ದರೆ ಅದು ಉಕ್ಕಿನಲ್ಲಿಯೇ ಉಳಿಯುತ್ತಿದ್ದಿತು; ಅಂಥ ಉಕ್ಕು ತಣಿದ ಮೇಲೆ ಪೆಟ್ಟು ತಾಳದೆ ಒಡೆಯುತ್ತಿದ್ದಿತು. ಯೂರೋಪಿನ ಹೇರಳವಾದ ಅದಿರು ಹೀಗೆ ಉಪಯೋಗಕ್ಕೆ ಬಾರದಾಯಿತು.

ದೋಷವೆಲ್ಲಿದ್ದಿತು? ಕುಲುಮೆಯ ಒಳಗೋಡೆಯಲ್ಲಿ. ಅದನ್ನು ಮರಳಿನ ಜಾತಿಯ ಸಿಲಿಕದಿಂದ ಕಟ್ಟುತ್ತಿದ್ದರು. ಸಿಲಿಕವು ಆಮ್ಲಗುಣವುಳ್ಳದ್ದು, ರಂಜಕವು ಉರಿದಾಗ ಹುಟ್ಟುವ ವಸ್ತುವೂ ಅಂಥದೇ. ಅದನ್ನು ಹಿಡಿದು ಕಿಟ್ಟಕ್ಕೆ ಸೇರಿಸಬಲ್ಲದು ಪ್ರತ್ಯಾಮ್ಲವಾದ ಸುಣ್ಣ. ಆದರೆ ಸುಣ್ಣವನ್ನು ಹಾಕಿದರೆ ಅದು ಗೋಡೆಯ ಸಿಲಿಕದೊಡನೆಯೇ ಕೂಡಿ ಕರಗುವುದು. ಗೋಡೆಯೂ ಸವೆಯುವುದು, ರಂಜಕವೂ ತೊಲಗದು.

ಇದಕ್ಕೆ ಪರಿಹಾರವನ್ನು ಕಂಡವನು ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್. ತಂದೆಯ ಮರಣದಿಂದ ಓದನ್ನು ಬಿಟ್ಟು ಲಂಡನ್ನಿನ ಪೊಲೀಸ್ ನ್ಯಾಯಸ್ಥಾನದಲ್ಲಿ ಗುಮಾಸ್ತನಾದ ಈತನು, ಸಂಜೆಯ ತರಗತಿಗಳಲ್ಲಿ ರಸಾಯನಶಾಸ್ತ್ರವನ್ನು ಕಲಿತನು. ವೇಲ್ಸಿನ ಕಬ್ಬಿಣದ ಕಾರ್ಖಾನೆಯಲ್ಲಿ ರಸಾಯನಜ್ಞನಾಗಿದ್ದ ಬಂಧು ಪರ್ಸಿ ಗಿಲ್‌ಕ್ರಿಸ್ಟನ ನೆರವಿನಿಂದ ಪರೀಕ್ಷೆಗಳನ್ನು ನಡೆಸಿ, ಸುಟ್ಟ ಡಾಲೊಮೈಟ್ ಕಲ್ಲಿನಿಂದ ಗೋಡೆಯನ್ನು ಕಟ್ಟಿಸಿದನು. ಸುಣ್ಣವೂ ಮೆಗ್ನೀಸಿಯವೂ ಕೂಡಿದ ಆ ಗೋಡೆಯು ತಾನೇ ಪ್ರತ್ಯಾಮ್ಲ. ಆದುದರಿಂದ ಕುಲುಮೆಗೆ ಹಾಕಿದ ಸುಣ್ಣವು ಗೋಡೆಯನ್ನು ಬಿಟ್ಟು ರಂಜಕವನ್ನೇ ಹಿಡಿಯಿತು. 1879ರಲ್ಲಿ ಮಿಡಲ್ಸ್‌ಬರೋ ಪಟ್ಟಣದಲ್ಲಿ ಇದು ಎಲ್ಲರೆದುರಿಗೆ ಸಿದ್ಧವಾಯಿತು. ಎಸೆಯತಕ್ಕ ಕಿಟ್ಟವೂ, ರಂಜಕವನ್ನು ಹೊತ್ತುದರಿಂದ, ಪುಡಿಯಾಗಿ ಹೊಲಗಳಿಗೆ ಗೊಬ್ಬರವಾಯಿತು.

ಥಾಮಸನು 1885ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡನು. ಅವನ ಸಂಪತ್ತನ್ನು ಅವನ ಇಚ್ಛೆಯಂತೆ ಸೋದರಿಯು ಪರೋಪಕಾರಕ್ಕೆ ವಿನಿಯೋಗಿಸಿದಳು.

ಇಂದಿನ ಉಕ್ಕಿನ ಕುಲುಮೆಗಳಿಗೆ ಮೆಗ್ನೀಸಿಯ ಮತ್ತು ಇಂಗಾಲ ಕೂಡಿದ ಇಟ್ಟಿಗೆಗಳುಂಟು. ಅಲ್ಲಿಯೂ ಕಿಟ್ಟಕ್ಕೆ ಮೊದಲೇ ಸ್ವಲ್ಪ ಮೆಗ್ನೀಸಿಯವನ್ನು ಉಣಿಸುವರು. ಹೊಟ್ಟೆ ತುಂಬಿದ ಕಿಟ್ಟವು ಗೋಡೆಯನ್ನು ಅಷ್ಟಾಗಿ ತಿನ್ನದು. ಪದಾರ್ಥವನ್ನು ಶುದ್ಧಮಾಡಬೇಕೆನ್ನುವವರು ಪಾತ್ರೆಯ ಗುಣವನ್ನು ಮೊದಲು ಅರಿಯಬೇಕು. ಹುಳಿಗೆ ಕಲಾಯಿಯ ಪಾತ್ರೆಯನ್ನು ಆರಿಸುವ ಮನೆಯ ಹೆಣ್ಣುಮಗಳಿಗೆ ಈ ಶಾಸ್ತ್ರದ ಮೊದಲ ಪಾಠವು ಆಗಲೇ ಬಂದಿದೆ.