ಮೂರು ಮಾತಿನ ಊಟ

ಟೋಕಿಯೋ ನಗರದಲ್ಲಿ ಮಧ್ಯಾಹ್ನ ಹನ್ನೆರಡು ಹೊಡೆಯಿತೆಂದರೆ ಕಚೇರಿಗಳ ಬಾಗಿಲುಗಳಿಂದ ಜನಪ್ರವಾಹವೇ ಬೀದಿಗೆ ಇಳಿಯುತ್ತದೆ. ಊಟದ ಬಿಡುವು ಅಲ್ಪ; ಹಸಿವು ಅಪಾರ. ಕಿತ್ತಳೆ ಬಣ್ಣದ ಫಲಕದ ಕೆಳಗೆ ಗಾಜಿನ ಬಾಗಿಲೊಂದು ಸರಿಯುತ್ತದೆ. "ಇರಾಶ್ಶೈಮಾಸೆ" ಎಂಬ ಸ್ವಾಗತದ ಕೂಗು ಕೇಳುತ್ತದೆ. ಒಳಗೆ ಉದ್ದನೆಯ ಕಟ್ಟೆಮೇಜು, ಅದರ ಸುತ್ತ ಪುಟ್ಟ ಪೀಠಗಳು. ಬಂದವನು ಕುಳಿತು "ನಾಮಿ" ಎನ್ನುತ್ತಾನೆ; ಸಾಧಾರಣ ಅಳತೆಯದು ಎಂದರ್ಥ. ಅವನು ಕೋಟಿನ ಗುಂಡಿ ಬಿಚ್ಚಿ, ಬಿಸಿ ಚಹದ ಒಂದು ಗುಟುಕು ಕುಡಿಯುವಷ್ಟರಲ್ಲಿ ಹಬೆಯಾಡುವ ಬಟ್ಟಲು ಎದುರಿಗೆ ಬಂದಿರುತ್ತದೆ.

ಇದೇ ಗ್ಯೂದೊನ್. 'ಗ್ಯೂ' ಎಂದರೆ ದನ. 'ದೊನ್' ಎಂಬುದು ಆಳವಾದ ಬಟ್ಟಲಿಗೆ ಹೇಳುವ 'ದೊಂಬುರಿ' ಎಂಬ ಮಾತಿನ ಸಂಕ್ಷೇಪ. ಬಿಸಿ ಅನ್ನದ ಮೇಲೆ, ಸೋಯಾ ಸಾಸಿನ ಸಿಹಿ ಬೆರೆತ ರಸದಲ್ಲಿ ಬೆಂದ ಮಾಂಸದ ತೆಳುವಾದ ಎಳೆಗಳು ಮತ್ತು ಈರುಳ್ಳಿ. ಇಷ್ಟೇ ಅದರ ವೈಭವ. ಪಕ್ಕದ ಡಬ್ಬಿಯಲ್ಲಿ ಕೆಂಪು ಬಣ್ಣದ ಶುಂಠಿ ಉಪ್ಪಿನಕಾಯಿ, ಇನ್ನೊಂದರಲ್ಲಿ ಏಳು ಬಗೆಯ ಸಂಬಾರಗಳ ಪುಡಿ. ಇವಕ್ಕೆ ಬೇರೆ ಬೆಲೆಯಿಲ್ಲ. ರಸ ಹೆಚ್ಚಾಗಿ ಬೇಕೆನ್ನುವವರು "ತ್ಸುಯುದಾಕು" ಎನ್ನುತ್ತಾರೆ. ಕೆಲವರು ಹಸಿ ಮೊಟ್ಟೆಯೊಂದನ್ನು ಒಡೆದು, ಕಲಸಿ, ಮೇಲೆ ಸುರಿದುಕೊಳ್ಳುತ್ತಾರೆ. ಮಾತು ಕಡಿಮೆ. ಹತ್ತು ನಿಮಿಷಗಳಲ್ಲಿ ಬಟ್ಟಲು ಬರಿದಾಗುತ್ತದೆ. "ಗೊಚಿಸೊಸಾಮಾ" ಎಂದು ಋಣ ಹೇಳಿ ಎದ್ದವನ ಪೀಠದಲ್ಲಿ ಮತ್ತೊಬ್ಬನು ಕುಳಿತಿರುತ್ತಾನೆ.

ಜಪಾನೀಯರು ಅನಾದಿಕಾಲದಿಂದಲೂ ಇದನ್ನು ಉಣ್ಣುತ್ತ ಬಂದವರೆಂದು ಭಾವಿಸಿದರೆ ತಪ್ಪಾದೀತು. ಕ್ರಿ. ಶ. ೬೭೫ರಲ್ಲಿ ತೆಮ್ಮು ಚಕ್ರವರ್ತಿಯು, ದನ, ಕುದುರೆ, ನಾಯಿ, ಕೋಡಗ, ಕೋಳಿ ಇವುಗಳ ಮಾಂಸವನ್ನು ಬೇಸಾಯದ ತಿಂಗಳುಗಳಲ್ಲಿ ತಿನ್ನಕೂಡದೆಂದು ಆಜ್ಞೆ ಹೊರಡಿಸಿದನು. ಬೌದ್ಧಧರ್ಮದ ಪ್ರಭಾವ ಒಂದು ಕಡೆ. ಹೊಲ ಉಳುವ ಎತ್ತಿನ ಮೇಲಿನ ಮಮತೆ ಇನ್ನೊಂದು ಕಡೆ. ಅಲ್ಲಿಂದ ಮುಂದೆ ಸಾವಿರ ವರ್ಷಗಳಿಗೂ ಮಿಕ್ಕಿ ಗೋಮಾಂಸವು ಅಲ್ಲಿನ ಸಾಮಾನ್ಯರ ಊಟದಲ್ಲಿ ಸ್ಥಾನ ಪಡೆಯಲಿಲ್ಲ. ೧೮೭೨ರಲ್ಲಿ ಮೇಜಿ ಚಕ್ರವರ್ತಿಯು ತಾನೇ ಗೋಮಾಂಸವನ್ನು ಸೇವಿಸಿದ ಸುದ್ದಿ ಹಬ್ಬಿದ ಮೇಲೆ, ಪಾಶ್ಚಾತ್ಯರ ಈ ಆಹಾರವು 'ನಾಗರಿಕತೆಯ ಲಕ್ಷಣ' ಎನಿಸಿಕೊಂಡಿತು. ಕುದಿಯುವ ಪಾತ್ರೆಯ ಸುತ್ತ ಕುಳಿತು ತಿನ್ನುವ ಗ್ಯೂನಾಬೆ ಅಂಗಡಿಗಳು ಹುಟ್ಟಿಕೊಂಡವು. ಅದೇ ಪದಾರ್ಥವನ್ನು ಅನ್ನದ ಮೇಲೆ ಹಾಕಿಕೊಟ್ಟಾಗ ಅದು ಬಡವನ ಊಟವಾಯಿತು.

೧೮೯೯ರಲ್ಲಿ ಎಯ್ಕಿಚಿ ಮಾತ್ಸುದಾ ಎಂಬಾತನು ಟೋಕಿಯೋದ ನಿಹೋನ್‌ಬಾಶಿ ಮೀನು ಮಾರುಕಟ್ಟೆಯಲ್ಲಿ ಇಂತಹ ಅಂಗಡಿಯೊಂದನ್ನು ತೆರೆದನು. ಅದೇ ಇಂದಿನ ಯೋಶಿನೋಯಾ. ೧೯೨೩ರ ಮಹಾಭೂಕಂಪದಲ್ಲಿ ಆ ಮಾರುಕಟ್ಟೆ ನಾಶವಾಗಲು, ಅಂಗಡಿಯೂ ಮಾರುಕಟ್ಟೆಯೊಡನೆ ತ್ಸುಕಿಜಿಗೆ ಹೋಯಿತು. ನಸುಕಿನಲ್ಲೇ ಮೀನಿನ ಬುಟ್ಟಿ ಹೊತ್ತು ದುಡಿಯುವವರಿಗೆ ಎರಡೇ ಅಪೇಕ್ಷೆ: ಬೇಗ ಸಿಗಬೇಕು, ರುಚಿಯಾಗಿರಬೇಕು. 'ಹಾಯಾಯ್, ಉಮಾಯ್' ಎಂಬ ಎರಡು ಮಾತುಗಳು ಅಂಗಡಿಯ ಮಂತ್ರವಾದುವು. ೧೯೬೮ರಲ್ಲಿ ಶಿಂಬಾಶಿಯಲ್ಲಿ ಎರಡನೆಯ ಅಂಗಡಿ ತೆರೆದು ಸರಣಿ ಆರಂಭವಾದ ಮೇಲೆ 'ಯಾಸುಯ್', ಅಂದರೆ ಅಗ್ಗ, ಎಂಬ ಮೂರನೆಯ ಮಾತೂ ಸೇರಿತು.

ಮೂರು ಮಾತುಗಳನ್ನು ಹೇಳುವುದು ಸುಲಭ. ಮೂರನ್ನೂ ಒಟ್ಟಿಗೆ ನಡೆಸುವುದು ಕಷ್ಟ. ೧೯೭೭ರಲ್ಲಿ ನೂರು ಅಂಗಡಿಗಳಿದ್ದುವು, ಮರುವರ್ಷ ಇನ್ನೂರಾದುವು. ಅಷ್ಟು ಬಾಯಿಗಳಿಗೆ ಬೇಕಾದ ಒಳ್ಳೆಯ ಮಾಂಸ ದೊರೆಯದಾಯಿತು. ಘನೀಕರಿಸಿ ಒಣಗಿಸಿದ ಮಾಂಸವೂ, ಪುಡಿಯಿಂದ ಮಾಡಿದ ರಸವೂ ಬಟ್ಟಲಿಗೆ ಬಂದುವು. ಸಾಲದೆಂಬಂತೆ ಬೆಲೆಯೂ ಏರಿತು. ಗಿರಾಕಿಗಳು ಜಗಳವಾಡಲಿಲ್ಲ, ಬರುವುದನ್ನು ಬಿಟ್ಟರು. ೧೯೮೦ರಲ್ಲಿ ಸಂಸ್ಥೆಯು ದಿವಾಳಿಯಾಗಿ ನ್ಯಾಯಾಲಯದ ರಕ್ಷಣೆಯನ್ನು ಬೇಡಬೇಕಾಯಿತು. ಹಳೆಯ ರುಚಿಗೆ ಮರಳಿ, ಸಾಲ ತೀರಿಸಿ ತಲೆಯೆತ್ತುವ ಹೊತ್ತಿಗೆ ೧೯೮೭ ಬಂದಿತ್ತು.

ಈ ಪೆಟ್ಟು ಎಷ್ಟು ಆಳವಾಗಿ ನಾಟಿತ್ತೆಂಬುದು ಮುಂದೆ ಕಂಡುಬಂದಿತು. ೨೦೦೩ರ ಡಿಸೆಂಬರಿನಲ್ಲಿ ಅಮೆರಿಕದ ಹಸುವೊಂದರಲ್ಲಿ ಹುಚ್ಚು ಹಸುವಿನ ರೋಗ ಪತ್ತೆಯಾಗಲು, ಜಪಾನ್ ಸರಕಾರವು ಆ ದೇಶದ ಗೋಮಾಂಸದ ಆಮದನ್ನು ನಿಲ್ಲಿಸಿತು. ಯೋಶಿನೋಯಾದ ಬಟ್ಟಲೆಲ್ಲವೂ, ಧಾನ್ಯ ತಿಂದು ಬೆಳೆದ ಅಮೆರಿಕದ ದನದ, ಹೊಟ್ಟೆಯ ಕಡೆಯ ಕೊಬ್ಬು ಬೆರೆತ ಮಾಂಸವನ್ನೇ ನೆಚ್ಚಿಕೊಂಡಿತ್ತು. ಆಸ್ಟ್ರೇಲಿಯದ ಮಾಂಸವನ್ನು ತರಬಹುದಾಗಿತ್ತು; ಪ್ರತಿಸ್ಪರ್ಧಿಯಾದ ಸುಕಿಯಾ ಹಾಗೆಯೇ ಮಾಡಿತು. ಯೋಶಿನೋಯಾದ ಅಧ್ಯಕ್ಷ ಶೂಜಿ ಆಬೆ ಒಪ್ಪಲಿಲ್ಲ. ಸಂಗೀತಗಾರನಾಗಬೇಕೆಂಬ ಕನಸು ಹೊತ್ತ ತರುಣನಾಗಿ, ಇದೇ ಅಂಗಡಿಯಲ್ಲಿ ದಿನಗೂಲಿಗೆ ಸೇರಿ ಮೇಲೇರಿ ಬಂದವರು ಅವರು. ೧೯೮೦ರ ದಿವಾಳಿಯನ್ನು ಒಳಗಿನಿಂದಲೇ ಕಂಡವರು. ರುಚಿ ಬೇರೆಯಾದರೆ ಅದು ನಮ್ಮ ಬಟ್ಟಲಲ್ಲ ಎಂಬುದು ಅವರ ನಿಲುವು. ಹೆಸರನ್ನು ತಂದುಕೊಟ್ಟ ಪದಾರ್ಥವನ್ನೇ ಮಾರದಿರುವುದೆಂದು ನಿರ್ಧಾರವಾಯಿತು.

೨೦೦೪ರ ಫೆಬ್ರವರಿ ೧೧ರಂದು ಅಂಗಡಿಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಅದು ಕೊನೆಯ ಬಟ್ಟಲು. ಯಾರ ಹಿರಿಯರು ಸಾವಿರ ವರ್ಷ ಮುಟ್ಟದೆ ಉಳಿದಿದ್ದರೋ ಅವರ ಮಕ್ಕಳು, ಅದೇ ಆಹಾರವನ್ನು ಬೀಳ್ಕೊಡಲು ಚಳಿಯಲ್ಲಿ ಕಾದಿದ್ದರು! ಬಳಿಕ ಎರಡೂವರೆ ವರ್ಷಗಳಿಗೂ ಹೆಚ್ಚು ಕಾಲ ಹಂದಿಯ ಮಾಂಸದ ಬಟ್ಟಲೇ ಅಂಗಡಿಯನ್ನು ಸಾಕಿತು. ೨೦೦೬ರ ಸೆಪ್ಟೆಂಬರ್ ೧೮ರಂದು, ಒಂದು ದಿನದ ಮಟ್ಟಿಗೆ, ಹತ್ತು ಲಕ್ಷ ಬಟ್ಟಲುಗಳೊಡನೆ ಗ್ಯೂದೊನ್ ಮರಳಿದಾಗ ಮತ್ತೆ ಅದೇ ಸಾಲು ನಿಂತಿತು. ಇಪ್ಪತ್ತನಾಲ್ಕು ಗಂಟೆಯೂ ಮೊದಲಿನಂತೆ ದೊರೆಯಲು ೨೦೦೮ರವರೆಗೆ ಕಾಯಬೇಕಾಯಿತು. ಹಳೆಯ ಗಿರಾಕಿಗಳು ಕಾದರು.

ಅಗ್ಗ, ಶೀಘ್ರ ಎಂಬ ಮಾತುಗಳಿಗೂ ಬೆಲೆಯುಂಟು. ಅದನ್ನು ತೆರುವವನು ಮಾತ್ರ ಯಾವಾಗಲೂ ಉಣ್ಣುವವನಲ್ಲ. ೨೦೧೪ರಲ್ಲಿ, ಇದೇ ವ್ಯಾಪಾರದ ಇನ್ನೊಂದು ದೊಡ್ಡ ಸರಣಿಯಲ್ಲಿ ರಾತ್ರಿಯ ಹೊತ್ತು ಒಬ್ಬನೇ ಕೆಲಸಗಾರ ಅಡಿಗೆ, ಬಡಿಕೆ, ಹಣ, ಪಾತ್ರೆ ಎಲ್ಲವನ್ನೂ ನೋಡಿಕೊಳ್ಳಬೇಕಾಗಿದ್ದ ಸಂಗತಿ ದೇಶದಲ್ಲೆಲ್ಲ ಚರ್ಚೆಯಾಯಿತು. ಬೇಸತ್ತವರು ಕೆಲಸ ಬಿಡಲು, ಹಲವು ಅಂಗಡಿಗಳು ಬಾಗಿಲು ಮುಚ್ಚಿದುವು. ಹೊರಗಿನ ತಜ್ಞರ ಸಮಿತಿ ವಿಚಾರಣೆ ನಡೆಸಿದ ಮೇಲೆ, ರಾತ್ರಿ ಒಬ್ಬನನ್ನೇ ನಿಲ್ಲಿಸುವ ಪದ್ಧತಿಯನ್ನು ಕೈಬಿಡಲಾಯಿತು.

ತ್ಸುಕಿಜಿಯ ಮೂಲ ಅಂಗಡಿ ಈಗಿಲ್ಲ. ಮೀನು ಮಾರುಕಟ್ಟೆ ತೊಯೋಸುವಿಗೆ ಸ್ಥಳಾಂತರವಾಗಲು, ೨೦೧೮ರ ಅಕ್ಟೋಬರಿನಲ್ಲಿ ಅದೂ ಮುಚ್ಚಿತು. ಆದರೆ ಸಾವಿರಕ್ಕೂ ಮಿಕ್ಕ ಅಂಗಡಿಗಳಲ್ಲಿ ಇಂದಿಗೂ ತೂತಿನ ಸೌಟು ರಸವನ್ನು ಅಳತೆಯಾಗಿ ಸೋಸಿ, ಮಾಂಸವನ್ನು ಅನ್ನದ ಮೇಲೆ ಇಳಿಸುತ್ತಿದೆ. ಮಂತ್ರದ ಕ್ರಮ ಮಾತ್ರ ಬದಲಾಗಿದೆ. 'ಬೇಗ' ಎಂಬುದು ಮೊದಲಿದ್ದ ಸ್ಥಾನದಲ್ಲಿ ಈಗ 'ರುಚಿ' ನಿಂತಿದೆ. 'ಅಗ್ಗ' ನಡುವೆ, 'ಬೇಗ' ಕೊನೆಗೆ. ಹತ್ತು ನಿಮಿಷದಲ್ಲಿ ಉಂಡು ಏಳುವವನು ಗೋಡೆಯ ಮೇಲಿನ ಆ ಮಾತುಗಳನ್ನು ಓದುವುದಿಲ್ಲ. ಮೊದಲ ತುತ್ತಿಗೇ, ನಿನ್ನೆಯ ರುಚಿ ಇಂದೂ ಇದೆಯೋ ಇಲ್ಲವೋ ಎಂಬುದು ಅವನಿಗೆ ತಿಳಿದುಹೋಗುತ್ತದೆ.