ಹಗ್ಗ ಬೇಡ, ಗಾಜಿನ ನಳಿಗೆ ಸಾಕು

ಜತ್ತ ಕಡೆ ಹೊಲದಾಗ ಹಾವು ಕಡೀತಂದ್ರ ಮಂದಿ ಮೊದಲು ಹುಡುಕೋದು ಹಗ್ಗ. ಬಿಗಿದು ಕಟ್ಟಿದ ಕಾಲು ಊದಿಕೊಂಡೇ ದವಾಖಾನೆಗೆ ಬರುತ್ತದೆ. ನಾನು ಕಂಡ ಒಬ್ಬ ಸಿಸ್ಟರ್ ಆ ಹಗ್ಗವನ್ನು ಒಮ್ಮೆಲೇ ಬಿಚ್ಚುವುದಿಲ್ಲ. ವಿಷ ಧಡಕ್ಕನೆ ಏರೀತೆಂದು ಡಾಕ್ಟರಿಗೆ ಕಾಯುತ್ತಾರೆ. ಅಷ್ಟರಲ್ಲಿ ಸ್ವಚ್ಛವಾದ ಒಣ ಗಾಜಿನ ನಳಿಗೆಯಲ್ಲಿ ಸ್ವಲ್ಪ ರಕ್ತ ಹಿಡಿದು, ಅಲುಗಾಡಿಸದೆ 20 ನಿಮಿಷ ಇಡುತ್ತಾರೆ. ಪ್ಲಾಸ್ಟಿಕ್ ನಡೆಯದು. ಸೋಪಿನಲ್ಲಿ ತೊಳೆದ ಗಾಜೂ ಸುಳ್ಳು ಹೇಳುತ್ತದೆ!

‘ಸುಮ್ನ ಕುಂತೀರಲ್ರಿ, ಇಂಜೆಕ್ಷನ್ ಮಾಡ್ರಿ’ ಎಂದು ಬೀಗರು ರೇಗುತ್ತಾರೆ. ಸಿಸ್ಟರ್ ಗಡಿಯಾರದಿಂದ ಕಣ್ಣು ತೆಗೆಯುವುದಿಲ್ಲ. ವಿಷವೇರದವರಿಗೆ ಪ್ರತಿವಿಷ ಕೊಟ್ಟರೆ ಅದರ ಅಲರ್ಜಿಯೇ ಪ್ರಾಣಕ್ಕೆ ಬಂದೀತು. ನಳಿಗೆ ವಾಲಿಸಿದಾಗ ರಕ್ತ ನೀರಿನಂತೆ ಹರಿದರೆ ಮಂಡಲದ ವಿಷವೆಂದೇ ಲೆಕ್ಕ, ಡಾಕ್ಟರು ಪ್ರತಿವಿಷ ಶುರು ಮಾಡುತ್ತಾರೆ. ನಾಗರ, ಕಟ್ಟುಹಾವಿನ ವಿಷಕ್ಕೆ ಈ ಪರೀಕ್ಷೆ ಸಾಲದು. ರೆಪ್ಪೆ ಜೋತರೆ 20 ನಿಮಿಷ ಕಾಯುವಂತಿಲ್ಲ.

ಇದು ಸಿಸ್ಟರ್ ಕಟ್ಟಿದ ಪದ್ಧತಿಯಲ್ಲ, ಕೇಂದ್ರ ಸರ್ಕಾರದ 2009ರ ಹಾವು ಕಡಿತ ಚಿಕಿತ್ಸಾ ಕ್ರಮದಲ್ಲೇ ಇದೆ. ಒಮ್ಮೆ ಹೆಪ್ಪುಗಟ್ಟಿತೆಂದು ಮನೆಗೂ ಕಳಿಸರು, ಮತ್ತೆ ಮತ್ತೆ ನೋಡುತ್ತಾರೆ. ‘ಕಾಲು ಅಲುಗದಂಗ ಕಟಗಿ ಇಟ್ಟು ತರ್ರಿ, ಹಗ್ಗ ಎತ್ತಿಗಿರ್ಲಿ’ ಅಂತಾರ ಅವರು.